ಯಜಮಾನಿಕೆಯೂ ಒಡೆತನವೂ

ಮನೆಯನ್ನು ನಡೆಸತಕ್ಕವನು ಬೇರೆ, ಮನೆಗೆ ಒಡೆಯನಾದವನು ಬೇರೆ. ಈ ಭೇದವನ್ನು ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಬಲ್ಲವರಾಗಿದ್ದರೆಂಬ ಮಾತ್ರಕ್ಕೆ ಅದನ್ನು ನಡತೆಯಲ್ಲಿ ಉಳಿಸಿಕೊಂಡರೆಂದು ಹೇಳುವ ಹಾಗಿಲ್ಲ. ಕಪಿಲೆಯ ದಡದ ನಂಜನಗೂಡಿನಲ್ಲಾಗಲಿ, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಾಗಲಿ, ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಂಡು ಬಾಳಿದ ಹಳೆಯ ಮನೆಗಳ ವೃತ್ತಾಂತವನ್ನು ವಿಚಾರಿಸಿದರೆ ಬಹುಮಟ್ಟಿಗೆ ಕಾಣುವ ಚಿತ್ರ ಒಂದೇ. ಕಣಜದ ಬೀಗದ ಕೈ ಹಿರಿಯನ ಸೊಂಟದಲ್ಲಿ. ಕಂದಾಯದ ರಸೀದಿ, ಅಡವಿನ ಪತ್ರ, ಮಕ್ಕಳ ಜಾತಕ, ಎಲ್ಲವೂ ಅವನ ಪೆಟ್ಟಿಗೆಯಲ್ಲಿ. ನಾಲ್ವತ್ತು ವರ್ಷ ತುಂಬಿದ ತಮ್ಮನೂ ತನ್ನ ಮಗಳ ಮದುವೆಗೆ ಸೀರೆ ತರಬೇಕಾದರೆ ಅಣ್ಣನ ಮುಖವನ್ನು ನೋಡಬೇಕು. ಹಿರಿಯನು ಕೆಟ್ಟವನೆಂದಲ್ಲ. ಎಲ್ಲರಿಗಿಂತ ಮೊದಲು ಏಳತಕ್ಕವನೂ ಎಲ್ಲರಿಗಿಂತ ಕಡೆಗೆ ಉಣ್ಣತಕ್ಕವನೂ ಅವನೇ. ಬರಗಾಲದಲ್ಲಿ ಮನೆ ಒಡೆಯದಂತೆ ಹಿಡಿದು ನಿಲ್ಲಿಸಿದವನೂ ಅವನೇ. ಅಂಥವನಲ್ಲಿ ಬೀಗದ ಕೈಯನ್ನು ಕೇಳುವುದಕ್ಕೆ ಯಾರಿಗೂ ಬಾಯಿ ಬಾರದು. ಕೊಡುವುದಕ್ಕೆ ಅವನಿಗೂ ಮನಸ್ಸು ಬಾರದು. ಇಲ್ಲಿ ವಿಚಾರಿಸತಕ್ಕ ಪ್ರಶ್ನೆ ಇಷ್ಟೆ: ಇತರರ ಪರವಾಗಿ ಹಿಡಿದ ಅಧಿಕಾರವು, ಚೆನ್ನಾಗಿ ನಡೆಸಿದನೆಂಬ ಕಾರಣದಿಂದ, ಹಿಡಿದವನ ಸ್ವತ್ತಾಗುತ್ತದೆಯೇ?

ಹಿರಿಯನಿಗೆ ಕನ್ನಡದಲ್ಲಿ ‘ಯಜಮಾನ’ನೆಂದು ಹೆಸರು. ಹೆಂಡತಿಯು ಗಂಡನನ್ನೂ, ಆಳು ದಣಿಯನ್ನೂ, ಊರವರು ಗ್ರಾಮದ ಮುಖ್ಯಸ್ಥನನ್ನೂ ಇದೇ ಮಾತಿನಿಂದ ಹೇಳುತ್ತಾರೆ. ಶಬ್ದವು ಯಾಗಶಾಲೆಯಿಂದ ಮನೆಗೆ ಬಂದದ್ದು. ವ್ಯಾಕರಣವನ್ನು ಸ್ವಲ್ಪ ಓದಿದವರೂ ಇದರ ಸ್ವಾರಸ್ಯವನ್ನು ಬಲ್ಲರು. ಕ್ರಿಯೆಯ ಫಲವು ಮಾಡಿದವನಿಗೇ ಸೇರುವಲ್ಲಿ ಯಜ್ ಧಾತುವಿಗೆ ಆತ್ಮನೇಪದ, ಪರರಿಗೆ ಸೇರುವಲ್ಲಿ ಪರಸ್ಮೈಪದ ಎಂಬುದು ಪಾಣಿನಿಯ ನಿಯಮ. ಯಾಗದ ಫಲ ಯಾರಿಗೋ ಅವನು ಯಜಮಾನ. ದಕ್ಷಿಣೆಯನ್ನು ಪಡೆದು ಅವನ ಪರವಾಗಿ ಹೋಮಮಾಡತಕ್ಕ ಋತ್ವಿಜರು ಯಾಜಕರು. ಮಂತ್ರವನ್ನು ಬಲ್ಲವರು ಋತ್ವಿಜರು, ಹೊಗೆಯನ್ನು ಕುಡಿಯುವವರು ಋತ್ವಿಜರು. ಯಜಮಾನನು ಬಹಳ ಹೊತ್ತು ಸುಮ್ಮನೆ ಕುಳಿತಿರುತ್ತಾನೆ. ಆದರೂ ಫಲ ಅವನದು. ಋತ್ವಿಜನು ಎಷ್ಟೇ ಸಮರ್ಥನಾಗಿರಲಿ, ಮಂತ್ರ ಹೇಳಿದವನು ತಾನೆಂಬ ಕಾರಣದಿಂದ ಸ್ವರ್ಗವನ್ನು ತನ್ನ ಹೆಸರಿಗೆ ಬರೆಯಿಸಿಕೊಳ್ಳಲಾರನು. ಇದರ ಮೇಲೆ ಇನ್ನೊಂದು ಕಟ್ಟು ಉಂಟು. ಫಲಕ್ಕೆ ಹಕ್ಕುದಾರನಾದ ಆ ಯಜಮಾನನೂ ಆಹುತಿ ಬಿದ್ದಾಗಲೆಲ್ಲ ‘ಇದು ನನ್ನದಲ್ಲ’ ಎಂಬರ್ಥದ ತ್ಯಾಗವಾಕ್ಯವನ್ನು ಹೇಳಬೇಕು. ಹೇಳದೆ ಸುರಿದ ತುಪ್ಪವು ಬೆಂಕಿಗೆ ಬಿದ್ದ ತುಪ್ಪವೇ ಹೊರತು ಹವಿಸ್ಸಲ್ಲ. ಮನೆಯ ಹಿರಿಯನಿಗೆ ಈ ಹೆಸರನ್ನು ಕೊಟ್ಟವರು ತ್ಯಾಗವಾಕ್ಯವನ್ನೂ ಸೇರಿಸಿ ಕೊಟ್ಟರೋ, ಫಲವನ್ನು ಮಾತ್ರ ಕೊಟ್ಟರೋ, ಸಂದೇಹವಾಗಿದೆ.

ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ದೂರ ಹೋಗಬೇಕಾಗಿಲ್ಲ. ನಂಜನಗೂಡಿಗೆ ನೆರೆಯ ಕಳಲೆಯ ಅರಸು ಮನೆತನದ ಚರಿತ್ರೆಯಲ್ಲಿ ಇದು ಪ್ರತಿಯೊಂದು ಮಜಲಿನಲ್ಲಿಯೂ ತಲೆಯೆತ್ತಿ ನಿಂತಿದೆ. ರಾಜ ಒಡೆಯರ ಆಳಿಕೆಯಲ್ಲಿ, ಎಂದರೆ ೧೫೭೮ರಿಂದ ೧೬೧೭ರ ವರೆಗಿನ ಕಾಲದಲ್ಲಿ, ಮೈಸೂರು ಮನೆಗೂ ಕಳಲೆಯ ಮನೆಗೂ ಒಂದು ಒಪ್ಪಂದವಾಯಿತೆಂದು ವಂಶಾವಳಿಗಳು ಹೇಳುತ್ತವೆ. ಸಿಂಹಾಸನವು ಮೈಸೂರಿನವರದು, ಸೇನೆಯನ್ನು ನಡೆಸತಕ್ಕ ದಳವಾಯಿಯನ್ನು ಕೊಡತಕ್ಕವರು ಕಳಲೆಯವರು. ಯಾಗಶಾಲೆಯ ಮಾತಿನಲ್ಲಿ ಹೇಳುವುದಾದರೆ ಒಂದು ಮನೆ ಯಜಮಾನಸ್ಥಾನದಲ್ಲಿಯೂ ಇನ್ನೊಂದು ಋತ್ವಿಕ್‌ಸ್ಥಾನದಲ್ಲಿಯೂ ಕುಳಿತವು. ಎರಡು ಮನೆಗಳ ನಡುವೆ ಕೊಟ್ಟು ತರುವ ಸಂಬಂಧವೂ ಇದ್ದುದರಿಂದ ಇದನ್ನು ಎರಡು ರಾಜ್ಯಗಳ ಕರಾರೆನ್ನುವುದಕ್ಕಿಂತ ಬೀಗರೊಳಗಿನ ಏರ್ಪಾಡೆಂದರೆ ಸರಿಯಾದೀತು. ಚಿಕ್ಕದೇವರಾಜ ಒಡೆಯರಂಥ ಗಟ್ಟಿಗರು ಸಿಂಹಾಸನದಲ್ಲಿದ್ದಷ್ಟು ದಿನವೂ ಏರ್ಪಾಡು ಚೆನ್ನಾಗಿ ನಡೆಯಿತು. ೧೭೦೪ರಲ್ಲಿ ಅವರು ತೀರಿಕೊಂಡರು. ಪಟ್ಟಕ್ಕೆ ಬಂದ ಮಗನು ಹುಟ್ಟು ಮೂಗನಾಗಿದ್ದನು. ಜನರು ಅವನನ್ನು ಮೂಕರಸನೆಂದೇ ಕರೆದರು. ಅರಸನಿಗೆ ಮಾತಿಲ್ಲದಿದ್ದ ಮೇಲೆ ಅರಸನ ಮಾತನ್ನು ಬೇರೊಬ್ಬರು ಆಡಬೇಕಾಯಿತು. ಅಲ್ಲಿಂದ ಮುಂದೆ ಆಡಿದವರು ದಳವಾಯಿಗಳು.

ನರಸೀಪುರದ ಕಡೆಯವರು ಇದಕ್ಕೆಲ್ಲ ತಲಕಾಡಿನ ಅಲಮೇಲಮ್ಮನ ಶಾಪವನ್ನು ಕಾರಣವಾಗಿ ಹೇಳುವುದುಂಟು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಿಲ್ಲದೆ ಹೋಗಲಿ ಎಂದು ಆಕೆ ನುಡಿದು ಕಾವೇರಿಗೆ ಹಾರಿದಳೆಂಬ ಕಥೆಯನ್ನು ಕೇಳದವರು ಈ ಸೀಮೆಯಲ್ಲಿ ಇಲ್ಲ. ಶಾಪದ ಮಾತು ಹೇಗಾದರೂ ಇರಲಿ. ಮಕ್ಕಳಿಲ್ಲದ ಮನೆಯಲ್ಲಿ ದತ್ತು, ದತ್ತು ಬಂದಲ್ಲಿ ಬಾಲ್ಯ, ಬಾಲ್ಯವಿದ್ದಲ್ಲಿ ಪಾಲಕ. ಈ ಸರಪಳಿಯನ್ನು ಕಾಣುವುದಕ್ಕೆ ಶಾಪವನ್ನು ನಂಬಬೇಕಾದ್ದಿಲ್ಲ.

ದೊಡ್ಡ ಕೃಷ್ಣರಾಜ ಒಡೆಯರು ಸಂತಾನವಿಲ್ಲದೆ ೧೭೩೨ರಲ್ಲಿ ಕಾಲವಾದರು. ಆಗ ಪಟ್ಟಕ್ಕೆ ಬಂದ ಚಾಮರಾಜ ಒಡೆಯನು ಬಾಲಕನಲ್ಲ, ಬೆಳೆದ ಗಂಡಸು. ಬೆಳೆದವನಾದುದರಿಂದ ತಾನೇ ಆಳಬೇಕೆಂದು ಆಸೆಪಟ್ಟನು. ಆ ಆಸೆಯೇ ಅವನ ಅಪರಾಧವಾಯಿತು. ೧೭೩೪ರಲ್ಲಿ ದಳವಾಯಿ ದೇವರಾಜಯ್ಯನೂ ಅವನ ಮನೆಯವರೂ ಸೇರಿ ಅವನನ್ನು ಇಳಿಸಿ ಕಬ್ಬಾಳದುರ್ಗಕ್ಕೆ ಸಾಗಿಸಿದರು. ಅವನು ಅಲ್ಲಿಯೇ ಸತ್ತನು. ತರುವಾಯ ಐದಾರು ವರ್ಷದ ಮಗುವೊಂದನ್ನು ತಂದು ಇಮ್ಮಡಿ ಕೃಷ್ಣರಾಜ ಒಡೆಯನೆಂದು ಪಟ್ಟಕಟ್ಟಿದರು. ವಾಚಕರು ಈ ಸ್ಥಳದಲ್ಲಿ ಸ್ವಲ್ಪ ನಿಲ್ಲಬೇಕು. ಹುಡುಗನಿಗೆ ಬುದ್ಧಿ ಬಂದಿಲ್ಲ, ಅದಕ್ಕಾಗಿ ನಾವು ನೋಡಿಕೊಳ್ಳುತ್ತಿದ್ದೇವೆ ಎಂಬುದು ಪಾಲಕರೆಲ್ಲರ ಸಮಾಧಾನ. ಇಲ್ಲಿ ಬುದ್ಧಿ ಬಂದವನನ್ನು ಸೆರೆಗೆ ಕಳುಹಿಸಿ, ಬುದ್ಧಿ ಬಾರದವನನ್ನು ಹುಡುಕಿ ತಂದರು. ಬಾಲ್ಯವು ಇವರಿಗೆ ಒದಗಿದ ಕಷ್ಟವಲ್ಲ. ಇವರು ಆರಿಸಿಕೊಂಡ ಅನುಕೂಲ.

ನಂಜನಗೂಡಿನಲ್ಲಿ ಕಪಿಲೆಯ ಮೇಲಿನ ಕಲ್ಲುಸೇತುವೆಯು ಇದಾದ ಮರುವರ್ಷದ್ದು, ೧೭೩೫ರದು. ಎತ್ತಿನ ಗಾಡಿ, ಮೋಟಾರು, ರೈಲುಗಾಡಿ ಬಹುಕಾಲ ಅದರ ಮೇಲೆಯೇ ಓಡಾಡಿದವು. ಇಂದಿಗೂ ಅದು ದಳವಾಯಿ ಸೇತುವೆಯೇ. ಶ್ರೀಕಂಠೇಶ್ವರನ ದೇವಾಲಯವು ಇಷ್ಟು ವಿಶಾಲವಾದುದರಲ್ಲಿ ದಳವಾಯಿಗಳ ಪಾಲೂ ಇದೆ. ದೇವರಾಜಯ್ಯನ ತಮ್ಮನೂ ರಾಜ್ಯದ ಸರ್ವಾಧಿಕಾರಿಯೂ ಆದ ಕರಾಚೂರಿ ನಂಜರಾಜಯ್ಯನು ಶಿವಭಕ್ತನು, ವಿದ್ವಾಂಸನು. ಕಕುದ್ಗಿರಿ ಮಾಹಾತ್ಮ್ಯ, ಹಾಲಾಸ್ಯ ಮಾಹಾತ್ಮ್ಯ, ಶಿವಭಕ್ತಿವಿಲಾಸದರ್ಪಣ, ನಂಜನಗೂಡಿನ ಮಹಿಮೆಯನ್ನೇ ಹೇಳುವ ಗರಳಪುರೀ ಮಹಿಮಾದರ್ಶ ಮೊದಲಾದ ಕನ್ನಡ ಗ್ರಂಥಗಳು ಅವನ ಹೆಸರಿನಲ್ಲಿವೆ. ಸಂಸ್ಕೃತದಲ್ಲಿ ಸಂಗೀತಗಂಗಾಧರವೆಂಬ ಕೃತಿಯುಂಟು. ಇಷ್ಟೆಲ್ಲವನ್ನೂ ಮುಂದಿಟ್ಟುಕೊಂಡು ಅವನನ್ನು ಬರಿಯ ದುರಾಶಾಗ್ರಸ್ತನೆಂದು ಹೇಳಿಬಿಟ್ಟರೆ ಅನ್ಯಾಯವಾಗುತ್ತದೆ. ಹಾಗೆ ಹೇಳಿಬಿಟ್ಟರೆ ಪ್ರಶ್ನೆಯೂ ಸುಲಭವಾಗಿ ಹೋಗುತ್ತದೆ. ಕಳ್ಳನು ಕದಿಯಬಾರದೆಂಬುದಕ್ಕೆ ಪ್ರಬಂಧವನ್ನು ಬರೆಯಬೇಕಾಗಿಲ್ಲ. ಭಕ್ತನೂ ಪಂಡಿತನೂ ಕಾರ್ಯದಕ್ಷನೂ ಆದವನು ಹಿರಿತನವನ್ನು ಬಿಡಲಾರದೆ ಹೋದದ್ದೇ ಇಲ್ಲಿರುವ ಕಷ್ಟ.

ಆಶ್ರಿತನಾದ ನೃಸಿಂಹಕವಿಯು ಅವನ ಮೇಲೆ ನಂಜರಾಜಯಶೋಭೂಷಣವೆಂಬ ಅಲಂಕಾರಗ್ರಂಥವನ್ನು ರಚಿಸಿದನು. ೧೯೩೦ರಲ್ಲಿ ಅದು ಬರೋಡೆಯ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ವಿದ್ಯಾನಾಥನ ಪ್ರತಾಪರುದ್ರೀಯವೇ ಅದಕ್ಕೆ ಮಾದರಿ. ಲಕ್ಷಣವನ್ನು ಹೇಳಿ, ಉದಾಹರಣೆಗೆಲ್ಲ ನಾಯಕನ ಸ್ತುತಿಯನ್ನೇ ಕೊಡುವುದು ಈ ಜಾತಿಯ ಗ್ರಂಥಗಳ ಕ್ರಮ. ವಿದ್ಯಾನಾಥನ ನಾಯಕನಾದ ಪ್ರತಾಪರುದ್ರನು ಓರುಗಲ್ಲಿನ ದೊರೆ. ನೃಸಿಂಹಕವಿಯ ನಾಯಕನು ದೊರೆಯಲ್ಲ. ದೊರೆಯ ಹೆಸರಿನಲ್ಲಿ ಕಾರುಬಾರು ಮಾಡತಕ್ಕವನು. ದೊರೆಯು ಶ್ರೀರಂಗಪಟ್ಟಣದ ಅರಮನೆಯಲ್ಲಿ ಜೀವಂತನಾಗಿದ್ದನು. ಕವಿಯನ್ನು ದೂರಿ ಪ್ರಯೋಜನವಿಲ್ಲ, ಅನ್ನವಿಟ್ಟವರ ಮಾತನ್ನು ಆಡುವುದು ಆ ವೃತ್ತಿಯ ಸಹಜಗುಣ. ಆದರೆ ಪ್ರತಿದಿನವೂ ಉಪಮೆ ಉತ್ಪ್ರೇಕ್ಷೆಗಳಲ್ಲಿ ತನ್ನನ್ನು ನಾಯಕನನ್ನಾಗಿ ಕೇಳುತ್ತ ಕುಳಿತವನಿಗೆ, ತಾನು ಇನ್ನೊಬ್ಬನ ಕಾರ್ಯವನ್ನು ನಡೆಸತಕ್ಕವನೆಂಬ ನೆನಪು ಎಷ್ಟು ದಿನ ಉಳಿದೀತು? ಸಾಮಾನ್ಯ ಗೃಹಸ್ಥರ ಮನೆಯಲ್ಲಿ ಕವಿಯಿರುವುದಿಲ್ಲ. ಆದರೆ ‘ನೀವಿಲ್ಲದಿದ್ದರೆ ಈ ಮನೆ ಎಂದೋ ಮುಳುಗುತ್ತಿತ್ತು’ ಎಂದು ಹೇಳುವ ಜನ ಇದ್ದೇ ಇರುತ್ತಾರೆ.

೧೭೫೨ರಲ್ಲಿ ತಿರುಚಿನಾಪಳ್ಳಿಯನ್ನು ಬಿಟ್ಟುಕೊಡುವೆನೆಂಬ ಮಹಮ್ಮದಾಲಿಯ ಮಾತನ್ನು ನಂಬಿ ನಂಜರಾಜಯ್ಯನು ದೊಡ್ಡ ಸೇನೆಯೊಡನೆ ದಕ್ಷಿಣಕ್ಕೆ ನಡೆದನು. ಬೇಡವೆಂದು ಅಣ್ಣನಾದ ದೇವರಾಜಯ್ಯನು ಹೇಳಿದನು, ಕೇಳಲಿಲ್ಲ. ಮಾತು ಕೊಟ್ಟವನು ಊರನ್ನು ಕೊಡಲಿಲ್ಲ. ಮೂರು ವರ್ಷ ಹಣವನ್ನು ಸುರಿದು ೧೭೫೫ರಲ್ಲಿ ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಅದೇ ವರ್ಷ ನಿಜಾಮನ ಸೇನೆ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಕುಳಿತಾಗ ದೇವರಾಜಯ್ಯನು ೫೬ ಲಕ್ಷ ರೂಪಾಯಿಗಳಿಗೆ ಒಪ್ಪಿಕೊಂಡನು. ದೇವಾಲಯಗಳ ಬೆಳ್ಳಿಬಂಗಾರವನ್ನೂ ಅರಮನೆಯ ಒಡವೆಯನ್ನೂ ಕೂಡಿಸಿದರೂ ಅದರಲ್ಲಿ ಮೂರರಲ್ಲಿ ಒಂದು ಪಾಲಾಯಿತು. ೧೭೫೭ರಲ್ಲಿ ಪೇಶ್ವೆಯು ಬಂದನು. ೩೨ ಲಕ್ಷ ಎಂದು ಗೊತ್ತಾಗಿ, ಹಣವಿಲ್ಲದ್ದರಿಂದ ತಾಲ್ಲೂಕುಗಳನ್ನು ಒತ್ತೆಯಿಟ್ಟರು. ದಂಡಯಾತ್ರೆಯ ನಿರ್ಣಯ ಸರ್ವಾಧಿಕಾರಿಯದು, ಸಾಲ ಅರಸಿನ ಮನೆಯದು.

ಕರ್ಣಾಟಕದಲ್ಲಿಯೇ ಇಂಥ ಹಿರಿಯರಿಗೆ ಕಟ್ಟುಹಾಕಿದ ಶಾಸ್ತ್ರವೊಂದು ಇದಕ್ಕೆ ಆರುನೂರು ವರ್ಷಗಳ ಹಿಂದೆಯೇ ಹುಟ್ಟಿತ್ತು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ, ಪಿತೃಪಿತಾಮಹರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂದು ಸಾಧಿಸಿದನು. ತಂದೆ ಸತ್ತ ಮೇಲೆ ಬರುವ ಹಕ್ಕಲ್ಲ. ತಂದೆ ಕೊಟ್ಟರೆ ಬರುವ ಹಕ್ಕೂ ಅಲ್ಲ. ತೊಟ್ಟಿಲಲ್ಲಿರುವ ಕೂಸು ಹಿರಿಯನಷ್ಟೇ ಒಡೆಯ. ಭೂಮಿಕಾಣಿಯನ್ನು ತಂದೆಯೊಬ್ಬನೇ ಮಾರುವ ಹಾಗಿಲ್ಲ. ಆಪತ್ತು ಬಂದಾಗ, ಕುಟುಂಬದ ಪೋಷಣೆಗೆ, ಅವಶ್ಯವಾದ ಧರ್ಮಕಾರ್ಯಕ್ಕೆ ಮಾತ್ರ ಒಬ್ಬನೇ ನಿರ್ಣಯಿಸಬಹುದು. ತಿರುಚಿನಾಪಳ್ಳಿಯ ಆಸೆ ಈ ಮೂರರಲ್ಲಿ ಯಾವುದಕ್ಕೂ ಸೇರದು. ಬಾಲಕರ ದ್ರವ್ಯವನ್ನು ಅವರು ಪ್ರಾಪ್ತವ್ಯವಹಾರರಾಗುವ ವರೆಗೆ ಗ್ರಾಮವೃದ್ಧರು ಬೆಳೆಯಿಸಿಕೊಂಡು ಬರತಕ್ಕದ್ದೆಂದು ಕೌಟಿಲ್ಯನ ವಿಧಿ. ಗಂಡಿಗೆ ಆ ವಯಸ್ಸು ಹದಿನಾರೆಂದು ಅವನೇ ಗೊತ್ತುಮಾಡಿದ್ದಾನೆ. ೧೮೫೬ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನವರೂ ಒಂದು ಹಿಂದೂ ಮನೆತನದ ವ್ಯಾಜ್ಯದಲ್ಲಿ, ಅಪ್ರಾಪ್ತ ವಯಸ್ಕನ ಆಸ್ತಿಯನ್ನು ನಡೆಸತಕ್ಕವರ ಅಧಿಕಾರವು ಮಿತವಾದದ್ದು, ಅವಶ್ಯಕತೆಗೂ ಆಸ್ತಿಯ ಹಿತಕ್ಕೂ ಒಳಪಟ್ಟದ್ದು ಎಂದೇ ತೀರ್ಪಿತ್ತರು. ಹೆಂಗಸರನ್ನು ಈ ಲೆಕ್ಕಕ್ಕೆ ತರುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು: ಮೈಸೂರು ಸಂಸ್ಥಾನದಲ್ಲಿ ೧೯೩೩ರ ಕಾನೂನು, ಕರ್ನಾಟಕ ರಾಜ್ಯದಲ್ಲಿ ೧೯೯೪ರ ತಿದ್ದುಪಡಿ, ದೇಶಕ್ಕೆಲ್ಲ ೨೦೦೫ರ ತಿದ್ದುಪಡಿ. ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸಾರಿದ ಶಾಸ್ತ್ರವು ಹುಟ್ಟಿದವರಲ್ಲಿ ಅರ್ಧ ಜನರನ್ನು ಮರೆತಿತ್ತೆಂಬುದನ್ನು ಮುಚ್ಚಿಡುವುದರಿಂದ ಶಾಸ್ತ್ರಕ್ಕೆ ಗೌರವ ಹೆಚ್ಚುವುದಿಲ್ಲ.

ಇತ್ತ ಶ್ರೀರಂಗಪಟ್ಟಣದಲ್ಲಿ ೧೭೩೪ರ ಮಗು ಬೆಳೆದಿತ್ತು. ನಂಜರಾಜಯ್ಯನು ತನ್ನ ಮಗಳನ್ನೇ ಕೊಟ್ಟು ಅವನನ್ನು ಅಳಿಯನನ್ನಾಗಿ ಮಾಡಿಕೊಂಡಿದ್ದನು. ೧೭೫೬ರಲ್ಲಿ ಕೃಷ್ಣರಾಜ ಒಡೆಯನಿಗೆ ಇಪ್ಪತ್ತೆಂಟು ವರ್ಷದ ಸುಮಾರು. ಕೌಟಿಲ್ಯನ ಲೆಕ್ಕದ ಮೇಲೆ ಹನ್ನೆರಡು ವರ್ಷ ಮಿಕ್ಕಿತ್ತು. ಅವನು ತನ್ನ ಕಡೆಯವರನ್ನು ಕೂಡಿಸಿಕೊಂಡು ಸರ್ವಾಧಿಕಾರಿಯನ್ನು ಹಿಡಿಯಬೇಕೆಂದು ಉಪಾಯಮಾಡಿದನು. ಸುದ್ದಿ ಹೊರಬಿದ್ದಿತು. ಸಾವಧಾನವಾಗಿರೆಂದು ದೇವರಾಜಯ್ಯನು ಬುದ್ಧಿ ಹೇಳಿದರೂ ಕೇಳದೆ ನಂಜರಾಜಯ್ಯನು ಅರಮನೆಯ ಬಾಗಿಲಿಗೆ ಫಿರಂಗಿಯನ್ನು ಹೂಡಿ ಒಡೆಯಿಸಿ ಒಳನುಗ್ಗಿದನು. ಅರಸನನ್ನು ಸಿಂಹಾಸನದ ಮೇಲೆ ಕೂರಿಸಿ, ಅವನ ಕಣ್ಣೆದುರಿಗೆ ಅವನ ಪಕ್ಷದವರ ಮೂಗು ಕಿವಿಗಳನ್ನು ಕೊಯ್ಯಿಸಿದನು. ಸಿಂಹಾಸನಕ್ಕೆ ಮರ್ಯಾದೆ ತಪ್ಪಲಿಲ್ಲವೆಂಬುದನ್ನು ಗಮನಿಸಬೇಕು. ಅರಸನನ್ನು ಇಳಿಸಲಿಲ್ಲ, ನಿಂದಿಸಲೂ ಇಲ್ಲ, ಕೂರಿಸಿ ತೋರಿಸಿದನು. ಅಳಿಯನ ಮನೆಯ ಬಾಗಿಲಿಗೆ ಫಿರಂಗಿಯಿಟ್ಟ ದಿನ ಆ ಮನೆಯೊಳಗಿದ್ದ ಮಗಳು ಏನನ್ನು ನೆನೆದಳೆಂಬುದನ್ನು ಯಾವ ಚರಿತ್ರಕಾರನೂ ಬರೆದಿಟ್ಟಿಲ್ಲ.

ದೇವರಾಜಯ್ಯನಿಗೆ ಇದು ಸಹಿಸಲಿಲ್ಲ. ೧೭೫೭ರಲ್ಲಿ ಸಂಸಾರವನ್ನು ಕರೆದುಕೊಂಡು ಸತ್ಯಮಂಗಲಕ್ಕೆ ಹೊರಟುಹೋದನು. ಅವನನ್ನು ಹೊಗಳುವವರುಂಟು. ಹೊಗಳತಕ್ಕದ್ದೂ ಸ್ವಲ್ಪ ಇದೆ; ಅಷ್ಟಾದರೂ ನಾಚಿಕೆ ಇತ್ತಲ್ಲ ಎನ್ನಬಹುದು. ಆದರೆ ಕಬ್ಬಾಳದುರ್ಗಕ್ಕೆ ಒಬ್ಬ ಅರಸನನ್ನು ಕಳುಹಿಸಿದವನು ಯಾರು? ಒಡೆಯನು ತನ್ನದನ್ನು ಕೇಳಿದರೆ ಅಪರಾಧವೆಂಬ ಪಾಠವನ್ನು ತಮ್ಮನಿಗೆ ಕಲಿಸಿದವನು ಯಾರು? ಅಣ್ಣನು ಮೆಲ್ಲಗೆ ಮಾಡಿದ್ದನ್ನು ತಮ್ಮನು ಗಟ್ಟಿಯಾಗಿ ಮಾಡಿದನು. ಮನೆಗಳಲ್ಲಿಯೂ ಹೀಗೆಯೇ: ಸೌಮ್ಯನಾದ ಹಿರಿಯನು ಸೌಮ್ಯವಾಗಿಯೇ ಎಲ್ಲರ ಬಾಯನ್ನೂ ಕಟ್ಟಿಟ್ಟು ಹೋಗುತ್ತಾನೆ, ಅವನ ಜಾಗಕ್ಕೆ ಬಂದ ಒರಟನು ಬೈಯಿಸಿಕೊಳ್ಳುತ್ತಾನೆ.

ಈಗ ಎದುರುವಾದವನ್ನು ಕೇಳಬೇಕು. ರಾಜ್ಯವು ಮನೆಯಲ್ಲ, ಸುತ್ತಲೂ ಮರಾಠರು, ನಿಜಾಮ, ಕರ್ನಾಟಕದ ನವಾಬ, ಪರಂಗಿಯವರು. ಅಂಥ ಕಾಲದಲ್ಲಿ ಅನುಭವವಿಲ್ಲದ ಯುವಕನ ಕೈಗೆ ರಾಜ್ಯವನ್ನು ಕೊಟ್ಟಿದ್ದರೆ ಉಳಿಯುತ್ತಿತ್ತೇ? ಇದು ತಳ್ಳಿಹಾಕತಕ್ಕ ಮಾತಲ್ಲ. ಕೃಷ್ಣರಾಜನು ಮಹಾಸಮರ್ಥನಾಗಿದ್ದನೆಂದು ತೋರಿಸುವುದಕ್ಕೆ ಆಧಾರವೇನೂ ಇಲ್ಲ. ಆದರೆ ಅವನಿಗೆ ಅನುಭವವು ಎಲ್ಲಿಂದ ಬರಬೇಕಾಗಿತ್ತು? ಇಪ್ಪತ್ತೆರಡು ವರ್ಷ ಅವನನ್ನು ನೋಡಿಕೊಂಡವರು ಇವರೇ. ಲೆಕ್ಕವನ್ನು ತೋರಿಸದೆ, ದಂಡಿಗೆ ಕರೆದುಕೊಂಡು ಹೋಗದೆ, ಒಂದು ಗ್ರಾಮದ ನ್ಯಾಯವನ್ನೂ ತೀರಿಸಗೊಡದೆ ಬೆಳೆಯಿಸಿ, ಕಡೆಗೆ ‘ಇವನಿಗೆ ಏನು ತಿಳಿಯುತ್ತದೆ’ ಎಂದರೆ, ಹೇಳಿದ ಮಾತು ನಿಜವೇ. ಆದರೆ ಆ ನಿಜವು ಹೇಳಿದವನ ಕೈಕೆಲಸ. ಗದ್ದೆಯ ಬದುವನ್ನೇ ತುಳಿಯದಂತೆ ಮಗನನ್ನು ಸಾಕಿ, ಅವನಿಗೆ ಬೇಸಾಯ ಬಾರದೆಂದು ಪಟ್ಟೆಯನ್ನು ತನ್ನಲ್ಲಿಟ್ಟುಕೊಂಡ ತಂದೆಯ ವಾದವೂ ಇದೇ. ಅಸಾಮರ್ಥ್ಯವನ್ನು ಸಾಕ್ಷಿಯಾಗಿ ತರತಕ್ಕವನು, ಆ ಅಸಾಮರ್ಥ್ಯವು ತನ್ನ ಆರೈಕೆಯಲ್ಲಿ ಬೆಳೆಯಲಿಲ್ಲವೆಂದು ಮೊದಲು ತೋರಿಸಬೇಕು.

ಸಾಮರ್ಥ್ಯವೇ ಹಕ್ಕೆಂದು ಒಪ್ಪಿದರೆ ಇನ್ನೊಂದು ಕಷ್ಟವೂ ಬರುತ್ತದೆ, ಮತ್ತು ನಂಜರಾಜಯ್ಯನ ಬಾಗಿಲಿಗೇ ಬಂದಿತು. ೧೭೪೯ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಅವನ ಕಣ್ಣಿಗೆ ಬಿದ್ದು ಅವನಿಂದಲೇ ಮೇಲಕ್ಕೆ ಬಂದ ಹೈದರಾಲಿಯು ಅವನಿಗಿಂತ ಸಮರ್ಥನಾಗಿದ್ದನು. ೧೭೫೮ರಲ್ಲಿ ಸಂಬಳ ಸಿಕ್ಕದ ಸಿಪಾಯಿಗಳು ಸರ್ವಾಧಿಕಾರಿಯ ಬಾಗಿಲಲ್ಲಿ ಧರಣಿ ಕುಳಿತಾಗ ಬಾಕಿಯನ್ನು ತೀರಿಸಿ ಎಬ್ಬಿಸಿದವನು ಹೈದರನು. ಸತ್ಯಮಂಗಲದಿಂದ ದೇವರಾಜಯ್ಯನನ್ನು ಸಮಾಧಾನಪಡಿಸಿ ಕರೆತಂದವನೂ ಅವನೇ. ಬಂದ ಕೆಲವು ದಿನಗಳಲ್ಲಿಯೇ ದೇವರಾಜಯ್ಯನು ತೀರಿಕೊಂಡನು. ಮರುವರ್ಷ ಪುನಃ ಸಿಪಾಯಿಗಳು ಧರಣಿ ಕುಳಿತರು. ಈ ಸಲ ಹೈದರನೂ ಅವರೊಡನೆ ಕುಳಿತಿದ್ದನು. ನಂಜರಾಜಯ್ಯನು ಅಧಿಕಾರವನ್ನು ಬಿಟ್ಟು ಜಹಗೀರನ್ನು ಪಡೆದು ಹೊರಟನು. ೧೭೬೧ರಲ್ಲಿ ಖಂಡೇರಾಯನೊಡನೆ ನಂಜನಗೂಡಿನ ಸಮೀಪದ ಕಾಳಗದಲ್ಲಿ ಸೋತ ಹೈದರನು ಅದೇ ನಂಜರಾಜಯ್ಯನ ಬಾಗಿಲಿಗೆ ಬಂದು ಕ್ಷಮೆಯನ್ನು ಬೇಡಿದನು. ಹಳೆಯ ಸ್ಥಾನವು ಮತ್ತೆ ಬಂದೀತೆಂಬ ಆಸೆಯಿಂದ ಮುದುಕನು ತನ್ನ ಸೇನೆಯನ್ನೂ ಹೆಸರನ್ನೂ ಕೊಟ್ಟನು. ಹೈದರನು ಆ ಹೆಸರಿನ ಬಲದಿಂದ ಗೆದ್ದನು. ಗೆದ್ದ ಮೇಲೆ ಹೆಸರಿನವನು ಬೇಕಾಗಲಿಲ್ಲ. ಕಡೆಗೆ ನಂಜರಾಜಯ್ಯನು ಶ್ರೀರಂಗಪಟ್ಟಣದಲ್ಲಿ ಕಾವಲಿನಲ್ಲಿದ್ದು ೧೭೭೩ರಲ್ಲಿ ಸತ್ತನು. ಇದನ್ನು ದೈವದ ಶಿಕ್ಷೆಯೆಂದು ಬರೆಯುವುದು ಸುಲಭ. ಶಿಕ್ಷೆಯ ಮಾತು ಇಲ್ಲಿ ಬೇಡ. ನ್ಯಾಯದ ಮಾತೊಂದೇ ಸಾಕು. ಯಾವ ವಾದದಿಂದ ನಂಜರಾಜಯ್ಯನು ಕೃಷ್ಣರಾಜನನ್ನು ಹೊರಗಿಟ್ಟನೋ ಅದೇ ವಾದದಿಂದ ಹೈದರನು ನಂಜರಾಜಯ್ಯನನ್ನು ಹೊರಗಿಟ್ಟನು. ಎದುರು ಹೇಳುವುದಕ್ಕೆ ನಂಜರಾಜಯ್ಯನಲ್ಲಿ ಒಂದು ವಾಕ್ಯವೂ ಉಳಿದಿರಲಿಲ್ಲ. ಮಗುವನ್ನು ಆರಿಸಿ ಪಟ್ಟಕಟ್ಟುವ ವಿದ್ಯೆಯನ್ನೂ ಹೈದರನು ಮುಂದೆ ೧೭೭೬ರಲ್ಲಿ ಉಪಯೋಗಿಸಿಕೊಂಡನು.

ಬಿಟ್ಟುಕೊಟ್ಟವರ ಉದಾಹರಣೆಯೂ ಈ ಪ್ರಾಂತ್ಯದಲ್ಲಿಯೇ ಇದೆ. ೧೭೯೯ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಐದು ವರ್ಷ ವಯಸ್ಸಿನಲ್ಲಿ ಪಟ್ಟವಾದಾಗ ರಾಜ್ಯವನ್ನು ನಡೆಸಿದವನು ದಿವಾನ್ ಪೂರ್ಣಯ್ಯ. ನರಸೀಪುರಕ್ಕೆ ನೆರೆಯ ಯಳಂದೂರನ್ನು ಜಹಗೀರಾಗಿ ಪಡೆದವನು ಅವನೇ. ಅವನು ೧೮೧೧ರಲ್ಲಿ ಅಧಿಕಾರವನ್ನು ಅರಸರಿಗೆ ಒಪ್ಪಿಸಿದನು. ಸಂತೋಷದಿಂದ ಒಪ್ಪಿಸಿದನೆಂದು ಯಾರೂ ಹೇಳುವುದಿಲ್ಲ, ಆದರೂ ಒಪ್ಪಿಸಿದನು. ಆಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೆ ಮಿಕ್ಕ ಹಣವಿತ್ತೆಂದು ಚರಿತ್ರೆಯಲ್ಲಿ ಬರೆದಿದೆ. ಮುಂದೆ ಹಣವು ಕರಗಿತು, ನಗರದ ಕಡೆ ರೈತರು ದಂಗೆಯೆದ್ದರು, ೧೮೩೧ರಲ್ಲಿ ಇಂಗ್ಲಿಷರು ಆಡಳಿತವನ್ನೇ ಕಿತ್ತುಕೊಂಡರು. ಬೀಗದ ಕೈಯನ್ನು ಬಿಡದ ಹಿರಿಯರಿಗೆಲ್ಲ ಇದು ಒಳ್ಳೆಯ ಆಯುಧ: ನೋಡಿ, ಹದಿನೇಳರ ಹುಡುಗನಿಗೆ ಕೊಟ್ಟದ್ದರ ಫಲ! ಈ ಆಯುಧಕ್ಕೆ ಅಲಗು ನಿಜವಾಗಿಯೂ ಇದೆ. ತನ್ನದನ್ನು ಪಡೆದವನು ಕಳೆದುಕೊಳ್ಳಲೂ ಬಹುದು. ಆದರೆ ಕಳೆದದ್ದು ಒಡೆಯನು, ತನ್ನದನ್ನು. ಅದಕ್ಕೆ ಉತ್ತರ ಕೊಡತಕ್ಕವನೂ ಅವನೇ ಆದನು. ಪೂರ್ಣಯ್ಯನಲ್ಲಿ ಕೊರತೆಯನ್ನು ಹುಡುಕುವುದಾದರೆ ಅದು ಕೊಟ್ಟದ್ದರಲ್ಲಿ ಇಲ್ಲ. ಹನ್ನೆರಡು ವರ್ಷ ಹಣವನ್ನು ಕೂಡಿಸಿದಷ್ಟು ಶ್ರದ್ಧೆಯಿಂದ, ಅದನ್ನು ಖರ್ಚುಮಾಡುವ ವಿವೇಕವನ್ನು ಹುಡುಗನಲ್ಲಿ ಕೂಡಿಸಿದನೋ ಇಲ್ಲವೋ ಎಂಬುದರಲ್ಲಿ ಇದೆ. ದಕ್ಷರಾದ ಹಿರಿಯರೆಲ್ಲರಿಗೂ ಈ ಲೋಪ ಬರುವುದು ಸಹಜ, ಏಕೆಂದರೆ ಕಲಿಸುವುದಕ್ಕಿಂತ ತಾನೇ ಮಾಡಿಬಿಡುವುದು ಬೇಗ ಮುಗಿಯುತ್ತದೆ.

ಇದಾದ ಎಂಬತ್ತಮೂರು ವರ್ಷಗಳ ಮೇಲೆ ಅದೇ ಸಂದರ್ಭವು ಮತ್ತೊಮ್ಮೆ ಬಂದಿತು. ೧೮೯೪ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲಮರಣವನ್ನು ಹೊಂದಿದಾಗ ಹಿರಿಯ ಮಗನಿಗೆ ಹತ್ತು ವರ್ಷ. ರಾಜಪ್ರತಿನಿಧಿಯ ಅಧಿಕಾರವು ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಬಂದಿತು. ಆಕೆ ಹುಟ್ಟಿದ್ದು ಕಳಲೆಯ ಅರಸು ಮನೆತನದಲ್ಲಿ. ನಂಜರಾಜಯ್ಯನ ಕುಲದ ಮಗಳ ಕೈಗೆ ಮತ್ತೊಮ್ಮೆ ಮೈಸೂರಿನ ಬಾಲಕ ದೊರೆಯೂ ಬೊಕ್ಕಸವೂ ಕೂಡಿಯೇ ಬಂದವು. ಮೇಲೆ ಇಂಗ್ಲಿಷ್ ಸರ್ಕಾರವಿದ್ದುದರಿಂದ ಬಿಡದೆ ಇಟ್ಟುಕೊಳ್ಳುವುದು ಆಕೆಗೆ ಸಾಧ್ಯವೇ ಇರಲಿಲ್ಲವೆಂದು ಯಾರಾದರೂ ಹೇಳಿದರೆ ಅಲ್ಲಗಳೆಯಬೇಕಾದ್ದಿಲ್ಲ. ಆದರೆ ಬಿಡುವ ದಿನದ ವರೆಗೆ ಏನು ಮಾಡಬೇಕೆಂಬುದು ಬಹುಮಟ್ಟಿಗೆ ಆಕೆಯ ಇಚ್ಛೆಗೆ ಸೇರಿತ್ತು. ೧೮೯೭ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೊಸದರ ಕೆಲಸವನ್ನು ಹಿಡಿಸಿದರು. ೧೮೯೮ರಲ್ಲಿ ಪ್ಲೇಗು ಬಂದಿತು. ಮಾರಿಕಣಿವೆಯ ಕಟ್ಟೆಯ ಕೆಲಸವೂ ಶಿವನಸಮುದ್ರದ ವಿದ್ಯುತ್ತಿನ ಕೆಲಸವೂ ಆ ಕಾಲದಲ್ಲಿ ಪ್ರಾರಂಭವಾದವು. ಇವುಗಳ ನಡುವೆ ಮಗನಿಗೆ ಸ್ಟೂಅರ್ಟ್ ಫ್ರೇಸರ್ ಎಂಬವರ ಕೈಯಲ್ಲಿ ಆರು ವರ್ಷ ಶಿಕ್ಷಣವು ನಡೆಯಿತು. ಓದುಬರಹವಲ್ಲದೆ ರಾಜ್ಯದ ಆಡಳಿತವೂ ಪಾಠದಲ್ಲಿ ಸೇರಿತ್ತು, ಸಂಸ್ಥಾನದ ಊರುಗಳನ್ನು ತಿರುಗಿ ನೋಡುವುದೂ ಸೇರಿತ್ತು.

೧೯೦೨ನೆಯ ಇಸವಿ ಆಗಸ್ಟ್ ೮ರಂದು ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರವು ಬಂದಿತು. ಅವರಿಗೆ ಹದಿನೆಂಟು ವರ್ಷ. ಆ ದಿನದಿಂದ ಮಹಾರಾಣಿಯವರು ರಾಜ್ಯದ ಕಾಗದಗಳಿಗೆ ರುಜು ಹಾಕಲಿಲ್ಲ. ಆಗ ಆಕೆಯ ವಯಸ್ಸು ಮೂವತ್ತಾರು. ಎಂದರೆ ಅಧಿಕಾರವನ್ನು ಅನುಭವಿಸುವ ಶಕ್ತಿ ಕುಂದಿ ಬಿಟ್ಟವರಲ್ಲ. ಅದಾದ ಮೇಲೆ ಮೂವತ್ತೆರಡು ವರ್ಷ ಬದುಕಿದ್ದು, ಮಗನು ಆಳುವುದನ್ನು ನೋಡಿ, ೧೯೩೪ರಲ್ಲಿ ತೀರಿಕೊಂಡರು.